ನಕಲಿ ಪ್ರತಿಯ ತಪ್ಪುಗಳ ಪಟ್ಟಿ ಹಾಕಬೇಡಿ

ಪ್ರಕಾಶನ ಸಂಸ್ಥೆಯೊಂದರಲ್ಲಿ ಪುಸ್ತಕಗಳ ಹಕ್ಕು, ಕರಾರು ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಪುಸ್ತಕವನ್ನು ಯಾರೋ ಮತ್ತೆ ಟೈಪ್ ಮಾಡಿಸಿ ನಕಲಿ ಪ್ರತಿ ಬಿಟ್ಟಾಗಲೆಲ್ಲ ಆಫೀಸಿನಲ್ಲಿ ಒಂದು ಸಲಹೆ ಬಂದೇ ಬರುತ್ತದೆ: "ಸರ್, ಅದರಲ್ಲಿರೋ ತಪ್ಪುಗಳನ್ನೆಲ್ಲ ಫೇಸ್‌ಬುಕ್ಕಲ್ಲಿ ಹಾಕೋಣ. ಓದುಗರಿಗೆ ಗೊತ್ತಾಗಲಿ." ಆಗ ನಾನು ಐನೂರು ವರ್ಷ ಹಿಂದಿನ ವೆನಿಸ್‌ನ ಮುದ್ರಕ ಆಲ್ಡಸ್ ಮನೂಷಿಯಸ್‌ನ ಕಥೆ ತೆಗೆಯುತ್ತೇನೆ. ಹೊಸಬರು ಕೇಳುತ್ತಾರೆ. ಹಳಬರು ಕಾಫಿಗೆ ಎದ್ದು ಹೋಗುತ್ತಾರೆ.

ಆಗಿನ್ನೂ ಕಾಪಿರೈಟ್ ಇರಲಿಲ್ಲ. ಮುದ್ರಕ ಸರ್ಕಾರಕ್ಕೆ ಅರ್ಜಿ ಹಾಕಬೇಕು. ಸರ್ಕಾರ ಮನಸ್ಸು ಮಾಡಿದರೆ, ಇಷ್ಟು ವರ್ಷ ಇವನೊಬ್ಬನೇ ಅಚ್ಚು ಹಾಕಬಹುದು ಅಂತ ಸನ್ನದು ಕೊಡುತ್ತಿತ್ತು. 1469ರಲ್ಲಿ ವೆನಿಸ್, ಸ್ಪೇಯರ್ ಊರಿನ ಯೋಹಾನ್ ಎಂಬಾತನಿಗೆ ಅಚ್ಚಿನ ಕಸುಬನ್ನೇ 5 ವರ್ಷಕ್ಕೆ ಬರೆದುಕೊಟ್ಟಿತ್ತು. ಆತ ಕೆಲವೇ ತಿಂಗಳಲ್ಲಿ ತೀರಿಕೊಂಡ, ಸನ್ನದೂ ಅವನ ಜೊತೆಗೇ ಹೋಯಿತು. ಉಳಿದ ಮುದ್ರಕರು ಬದುಕಿಕೊಂಡರು.

ಆಲ್ಡಸ್‌ಗೆ 1501ರಲ್ಲಿ ಸಿಕ್ಕ 10 ವರ್ಷದ ಸನ್ನದು ಓರೆ ಅಕ್ಷರಕ್ಕೆ, ಅಂದರೆ ಇಟಾಲಿಕ್‌ಗೆ. ಆ ಅಕ್ಷರ ಕೊರೆದವನು ಫ್ರಾನ್ಸೆಸ್ಕೊ ಗ್ರಿಫೊ. ಹಕ್ಕು ಮಾತ್ರ ಆಲ್ಡಸ್‌ದು. ಗ್ರಿಫೊ ಆಮೇಲೆ ವೆನಿಸ್ ಬಿಟ್ಟು ಫಾನೋ ಎಂಬ ಊರಿನಲ್ಲಿ ಬೇರೊಬ್ಬ ಮುದ್ರಕನ ಜೊತೆ ಸೇರಿಕೊಂಡ. ಕರಾರು ಓದದೆ ಸಹಿ ಹಾಕುವ ಮುಖಪುಟ ಕಲಾವಿದರಿಗೆ ನಾನು ಇದನ್ನೂ ಹೇಳುವುದುಂಟು.

ಆದರೆ ವೆನಿಸ್‌ನ ಸನ್ನದು ಫ್ರಾನ್ಸಿನಲ್ಲಿ ನಡೆಯುತ್ತದೆಯೇ? ಲಿಯಾನ್‌ನ ಮುದ್ರಕರು ಅಂಥದ್ದೇ ಅಕ್ಷರ, ಆಲ್ಡಸ್‌ನ ಪುಸ್ತಕಗಳದ್ದೇ ಸಣ್ಣ ಅಳತೆಯಲ್ಲಿ ರೋಮನ್ ಕವಿ ವರ್ಜಿಲ್ ಮೊದಲಾದವರ ಪುಸ್ತಕ ಅಚ್ಚು ಹಾಕಿ ಆರಾಮಾಗಿ ಮಾರತೊಡಗಿದರು. 1503ರ ಮಾರ್ಚಿನಲ್ಲಿ ಆಲ್ಡಸ್ ಒಂದು ಎಚ್ಚರಿಕೆ ಪತ್ರ ಹೊರಡಿಸಿದ. ನಕಲಿ ಪುಸ್ತಕದಲ್ಲಿ ಮುದ್ರಕನ ಹೆಸರಿಲ್ಲ, ಊರಿಲ್ಲ, ಇಸವಿಯಿಲ್ಲ. ಕಾಗದ ಕಳಪೆ, ಮೇಲೆ ಕೆಟ್ಟ ವಾಸನೆ ಬೇರೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಸಿಟ್ಟಲ್ಲಿ, ಯಾವ ಪುಸ್ತಕದಲ್ಲಿ ಎಲ್ಲೆಲ್ಲಿ ತಪ್ಪಿದೆ ಅಂತಲೂ ಬರೆದುಬಿಟ್ಟ. ಲಿಯಾನ್‌ನವರು ಆ ಪತ್ರ ಮುಂದಿಟ್ಟುಕೊಂಡೇ ತಪ್ಪು ತಿದ್ದಿ ಮತ್ತೆ ಅಚ್ಚು ಹಾಕಿದರು. ಪುಕ್ಕಟೆ ಪ್ರೂಫ್ ರೀಡಿಂಗ್, ಅಲ್ವಾ?

ಹಾಗಾಗಿ ನಮ್ಮಲ್ಲಿ ತಪ್ಪುಗಳ ಪಟ್ಟಿ ವಕೀಲರ ಫೈಲಿಗೆ ಮಾತ್ರ ಹೋಗುತ್ತದೆ. ನಮ್ಮದೇ ಅಚ್ಚಿನ ತಪ್ಪು ನಕಲಿ ಪ್ರತಿಗೂ ಹಾಗೇ ಇಳಿದಿದ್ದರೆ ಇನ್ನೂ ಒಳ್ಳೆಯದು, ಎಲ್ಲಿಂದ ಎತ್ತಿದ್ದು ಅನ್ನೋದಕ್ಕೆ ಸಾಕ್ಷಿ. ಓದುಗರಿಗೆ ಹೇಳುವುದು ಕಾಗದ, ಬೈಂಡಿಂಗ್, ಎಲ್ಲಿ ಕೊಳ್ಳಬೇಕು, ಇಷ್ಟೇ.