ಗಂಟಲಲ್ಲೇ ನಿಂತ ‘ಆಮೆನ್’

ಇವತ್ತು ಸಂಜೆ ಅವರೆಕಾಯಿ ಬಿಡಿಸ್ತಾ ಕೂತಿದ್ದೆ. ಮಗಳು ಪಕ್ಕದಲ್ಲೇ ಪರೀಕ್ಷೆಗೆ ಷೇಕ್ಸ್‌ಪಿಯರ್‌ನ ನಾಟಕ ‘ಮ್ಯಾಕ್‌ಬೆತ್’ ಓದ್ತಿದ್ದಳು.

“ಅಮ್ಮಾ, ಈ ಮ್ಯಾಕ್‌ಬೆತ್ ಕೆಟ್ಟಿದ್ದು ಯಾರಿಂದ? ಮಾಟಗಾತಿಯರಿಂದಾನಾ, ಹೆಂಡತಿಯಿಂದಾನಾ?”

“ಹೆಂಡತಿಯಿಂದ” ಅಂದುಬಿಟ್ಟೆ.

ಆಮೇಲೆ ಕೈ ಓಡಲೇ ಇಲ್ಲ.

ಮಾಟಗಾತಿಯರು ಅವನಿಗೆ ‘ರಾಜನಾಗ್ತೀಯ’ ಅಂದ್ರು, ‘ಈಗಿರೋ ರಾಜನನ್ನ ಕೊಲ್ಲು’ ಅನ್ನಲಿಲ್ಲ. ಅವನ ಜೊತೆಗಾರ ಸೇನಾನಿ ಬ್ಯಾಂಕೋ ಕೂಡ ಅಲ್ಲೇ ಇದ್ದ. ನಿನ್ನ ವಂಶದವರು ರಾಜರಾಗ್ತಾರೆ ಅಂತ ಅವನಿಗೂ ಹೇಳಿದ್ರು. ಅವನು ಕತ್ತಿ ಹಿರೀಲಿಲ್ಲ.

ಹೆಂಡತಿ ಚುಚ್ಚಿದ್ದು ನಿಜ. ‘ಇದು ಇಲ್ಲಿಗೇ ಸಾಕು’ ಅಂದವನನ್ನ, ನೀನು ಗಂಡಸಾ ಅಂತ ಕೆಣಕಿ ಒಪ್ಪಿಸಿದಳು. ಆದರೆ ಬ್ಯಾಂಕೋನನ್ನ ಕೊಲ್ಲಿಸುವಾಗ ಅವಳಿಗೆ ವಿಷಯವನ್ನೇ ಹೇಳಲಿಲ್ಲವಲ್ಲ ಅವನು! ಅಷ್ಟು ಹೊತ್ತಿಗೆ ಅವನಿಗೆ ಯಾರ ಮಾತೂ ಬೇಕಿರಲಿಲ್ಲ.

(ಇತಿಹಾಸದ ಮ್ಯಾಕ್‌ಬೆತ್ ಬೇರೆ. 1040ರಿಂದ 1057ರವರೆಗೆ ಸ್ಕಾಟ್ಲೆಂಡ್ ಆಳಿದವನು. ಅಲ್ಲಿ ರಾಜ ಡಂಕನ್ ಸತ್ತಿದ್ದು ಯುದ್ಧದಲ್ಲಿ, ನಾಟಕದ ಹಾಗೆ ಹಾಸಿಗೆಯಲ್ಲಲ್ಲ.)

ನಾಟಕದಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ಜಾಗ. ಮ್ಯಾಕ್‌ಬೆತ್ ರಾಜನನ್ನ ಕೊಂದು ಬಂದಿದ್ದಾನೆ, ಕೈ ತುಂಬ ರಕ್ತ. ನಿದ್ದೆಯಲ್ಲಿದ್ದ ಇಬ್ಬರು ಎಚ್ಚೆತ್ತು ‘ದೇವರು ಕಾಪಾಡಲಿ’ ಅಂತ ಪ್ರಾರ್ಥಿಸಿ ಮತ್ತೆ ಮಲಗಿದ್ರಂತೆ. ಇವನಿಗೆ ‘ಆಮೆನ್’, ಅಂದ್ರೆ ‘ಹಾಗೇ ಆಗಲಿ’, ಅನ್ನೋಕೆ ಆಗಲಿಲ್ಲ. ಗಂಟಲಲ್ಲೇ ಸಿಕ್ಕಿಕೊಂಡಿತು. ಯಾಕೆ ಬರಲಿಲ್ಲ, ಯಾಕೆ ಬರಲಿಲ್ಲ ಅಂತ ಹೆಂಡತಿ ಹತ್ತಿರ ಮಗು ಥರ ಕೇಳ್ತಾನೆ. ಹಾಗೆಲ್ಲ ಯೋಚಿಸಬೇಡ, ಹುಚ್ಚು ಹಿಡಿಯುತ್ತೆ ಅಂತಾಳೆ ಅವಳು.

ಕೊನೆಗೆ ಹುಚ್ಚು ಹಿಡಿದದ್ದು ಅವಳಿಗೆ. ಅವಳು ಸತ್ತ ಸುದ್ದಿ ಬಂದಾಗ ಅವನಿಗೆ ಅಳೋಕೂ ಬರಲಿಲ್ಲ.

ಮಗಳನ್ನ ಕರೆದು, “ನಾನು ಹೇಳಿದ್ದು ಪೂರ್ತಿ ಸರಿಯಲ್ಲ ಪುಟ್ಟಾ, ಆ ಆಮೆನ್ ಭಾಗ ಇನ್ನೊಂದು ಸಲ ಓದು” ಅಂದೆ.

ಓದಿದಳು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.