ಬ್ಯಾಟರಿಗೆ ಬಂದ ಅಪವಾದ

ಮೇ ತಿಂಗಳ ನಡುಮಧ್ಯಾಹ್ನ, ಪುಣೆಯ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ಮಾವಿನಹಣ್ಣಿನ ಪೆಟ್ಟಿಗೆಯನ್ನು ಡಿಕ್ಕಿಯಲ್ಲಿಟ್ಟು ಕೀ ತಿರುಗಿಸಿದಾಗ ‘ಟಕ್’ ಎಂಬ ಒಂದೇ ಸದ್ದು ಬಂದಿತೇ ಹೊರತು ಎಂಜಿನ್ ಅಲುಗಲಿಲ್ಲ. ನನಗೆ ಬೇಸರಕ್ಕಿಂತ ಸಿಟ್ಟೇ ಹೆಚ್ಚು ಬಂದಿತು, ಏಕೆಂದರೆ ಹೊಸ ಬ್ಯಾಟರಿ ಹಾಕಿಸಿ ಹದಿನೈದು ದಿನವೂ ಆಗಿರಲಿಲ್ಲ.

ಮೊದಲ ಸಲ ಹೀಗಾದದ್ದು ಸಿಂಹಗಡ ರಸ್ತೆಯ ನಮ್ಮ ಸೊಸೈಟಿಯಲ್ಲಿಯೇ. ನೆರೆಯವರ ಕಾರಿನಿಂದ ಕೇಬಲ್ ಎಳೆದು ಕೊಟ್ಟೊಡನೆ ಎಂಜಿನ್ ಚಾಲೂ ಆಗಿತ್ತು. ಅದನ್ನು ಕೇಳಿದ ಅಂಗಡಿಯವರು ಮೀಟರನ್ನೂ ಹಚ್ಚದೆ, ಬಿಸಿಲಿಗೆ ಬ್ಯಾಟರಿ ಹೋಗಿದೆ ಎಂದು ತೀರ್ಪು ಕೊಟ್ಟಿದ್ದರು. ಬಿಸಿಲಿಗೆ ಬ್ಯಾಟರಿಯ ಆಯುಷ್ಯ ಕುಗ್ಗುವುದು ನಿಜವೇ. ಒಳಗಿನ ನೀರು ಬೇಗ ಆರುತ್ತದೆ, ಸೀಸದ ಫಲಕಗಳ ಜಾಲರಿ ಬೇಗ ಸವೆಯುತ್ತದೆ, ಕಾರು ನಿಂತಲ್ಲೇ ಚಾರ್ಜ್ ಸೋರುವುದೂ ಹೆಚ್ಚುತ್ತದೆ. ಹಳೆಯದಕ್ಕೆ ಮೂರು ವರ್ಷವೂ ತುಂಬಿದ್ದರಿಂದ ನಾನು ಮರುಮಾತಿಲ್ಲದೆ ಹಣ ಕೊಟ್ಟಿದ್ದೆ.

ಮಾರ್ಕೆಟ್ ಯಾರ್ಡಿನಲ್ಲಿ ಬಾನೆಟ್ ಎತ್ತಿಟ್ಟು ಸುಮಾರು ಮುಕ್ಕಾಲು ಗಂಟೆ ಕಾದ ಮೇಲೆ ಕಾರು ತಾನಾಗಿಯೇ ಚಾಲೂ ಆಯಿತು. ಮನೆಗೆ ಹೊರಟವನು ದಾರಿಯಿಂದಲೇ ನಮ್ಮ ಸೊಸೈಟಿಯ ಕಾಕಾ ಅವರಿಗೆ ಫೋನ್ ಮಾಡಿದೆ. ವಿಜಯಪುರದವರಾದ ಅವರು ಇಲ್ಲಿಯೇ ಮೂವತ್ತು ವರ್ಷ ವಾಹನಗಳ ವಯರಿಂಗ್ ಕೆಲಸ ಮಾಡಿ ಈಗ ವಿಶ್ರಾಂತರಾಗಿದ್ದಾರೆ. “ಎಂಜಿನ್ ಆರಗೊಡಬ್ಯಾಡ, ಕಾದಿರೂವಾಗs ನೋಡೂಣು” ಎಂದ ಅವರು ಮಲ್ಟಿಮೀಟರ್ ಹಿಡಿದು ಕೆಳಗೆ ಇಳಿದು ನಿಂತಿದ್ದರು.

ಎಂಜಿನ್ ಓಡುತ್ತಿರುವಾಗ 14.1 ವೋಲ್ಟ್ ಕಂಡಿತು. ಅಂದರೆ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಸರಿಯಿತ್ತು. ಎಂಜಿನ್ ಆರಿಸಿ, ಸ್ವಲ್ಪ ಹೊತ್ತು ಹೆಡ್‌ಲೈಟ್ ಹಾಕಿ ತೆಗೆದ ಮೇಲೆ 12.6 ತೋರಿತು, ಅಂದರೆ ಬ್ಯಾಟರಿ ತುಂಬಿತ್ತು. ಮೀಟರಿನ ತಂತಿಗಳ ತುದಿಯ ಮುಳ್ಳುಗಳನ್ನು ಬ್ಯಾಟರಿಯ ಎರಡು ಕಂಬಗಳ ಮೇಲಿಟ್ಟು “ಸೆಲ್ಫ್ ಹೊಡಿ” ಎಂದರು. ಮತ್ತದೇ ‘ಟಕ್’. ಮೀಟರ್ ಮಾತ್ರ 12ರ ಆಸುಪಾಸಿನಲ್ಲಿಯೇ ನಿಂತಿತು.

“ಬ್ಯಾಟ್ರಿ ಸತ್ತಿದ್ರ ಸೆಲ್ಫ್ ಹೊಡದಾಗ ಇದು ಒಂಬತ್ತರ ಕೆಳಗ ಬೀಳಬೇಕಿತ್ತೋ ತಮ್ಮಾ. ಬಿದ್ದs ಇಲ್ಲ. ಕೊಡಾಂವ ಕೊಡಾಕ ತಯಾರದಾನ, ದಾರೀನs ಇಲ್ಲ.”

ನಂತರ ಅವರು ಒಂದು ಮುಳ್ಳನ್ನು ನೆಗೆಟಿವ್ ಕಂಬದ ಮೇಲೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹದ ಮೇಲೂ ಇಟ್ಟರು. ಸೆಲ್ಫ್ ಹೊಡೆದಾಗ ಆ ಎರಡರ ನಡುವೆ ಅರ್ಧ ವೋಲ್ಟ್ ಮೀರಬಾರದು. ನಮ್ಮ ಕಾರಿನಲ್ಲಿ ಐದು ದಾಟಿತು. ಎಂಜಿನ್ನನ್ನು ಕಾರಿನ ಲೋಹದ ಮೈಗೆ ಜೋಡಿಸಿ, ವಿದ್ಯುತ್ತು ಬ್ಯಾಟರಿಗೆ ಮರಳಲು ದಾರಿಯಾಗುವ ಅರ್ಥಿಂಗ್ ಪಟ್ಟಿಯ ತುದಿಯನ್ನು ಬಿಚ್ಚಿ ನೋಡಿದರೆ, ನಟ್ಟಿನ ಕೆಳಗೆ ತುಕ್ಕು, ತಾಮ್ರದ ಎಳೆಗಳ ಮೇಲೆ ಹಸಿರು ಕಿಲುಬು. ಎಂಜಿನ್ ನಿಲ್ಲಿಸಿದ ಮೇಲೆ ಗಾಳಿ ಆಡದೆ ಬಾನೆಟ್ಟಿನ ಒಳಗಿನ ಕಾವು ಕೆಲಹೊತ್ತು ಇನ್ನಷ್ಟು ಏರುವುದರಿಂದ, ಕಾದ ತಾಮ್ರದ ಪ್ರತಿರೋಧವೂ ಹೆಚ್ಚುವುದರಿಂದ, ಬೆಳಿಗ್ಗೆ ಹೇಗೋ ಸಾಗುತ್ತಿದ್ದ ಕೆಟ್ಟ ಜೋಡಣೆ ಮಧ್ಯಾಹ್ನ ಕೈಕೊಡುತ್ತಿತ್ತು.

ಆದರೆ ಅಂದು ನೆರೆಯವರ ಕೇಬಲ್ಲಿಗೆ ಕಾರು ಚಾಲೂ ಆದದ್ದು ಹೇಗೆ? ನನ್ನ ಈ ಪ್ರಶ್ನೆಗೆ ಕಾಕಾ ನಕ್ಕುಬಿಟ್ಟರು. ಬ್ಯಾಟರಿಯ ಬಳಿ ಕಿಡಿ ಹಾರಿ ಹೈಡ್ರೋಜನ್ ಅನಿಲಕ್ಕೆ ತಗಲಬಾರದೆಂದು ಕಪ್ಪು ಕೇಬಲ್ಲಿನ ಕೊನೆಯ ಹಿಡಿಯನ್ನು ಎಂಜಿನ್ನಿನ ಲೋಹಕ್ಕೆ ಕಚ್ಚಿಸುವುದು ಸರಿಯಾದ ಕ್ರಮ, ಮತ್ತು ನಾವು ಹಾಗೆಯೇ ಮಾಡಿದ್ದೆವು. ಕೆಟ್ಟ ಪಟ್ಟಿಯನ್ನು ಬದಿಗೆ ಸರಿಸಿ ವಿದ್ಯುತ್ತಿಗೆ ಹೊಸ ದಾರಿ ಮಾಡಿಕೊಟ್ಟದ್ದು ಆ ಕಪ್ಪು ಕೇಬಲ್ಲೇ. ನಾವು ಮಾತ್ರ ಅದರ ಪುಣ್ಯವನ್ನು ನೆರೆಯವರ ಬ್ಯಾಟರಿಗೆ ಕಟ್ಟಿದ್ದೆವು. ಕಾಕಾ ಅದನ್ನು ಕಣ್ಣೆದುರೇ ತೋರಿಸಿದರು: ಅದೇ ಕಪ್ಪು ಕೇಬಲ್ಲನ್ನು ನಮ್ಮ ಬ್ಯಾಟರಿಯ ನೆಗೆಟಿವ್ ಕಂಬದಿಂದ ಎಂಜಿನ್ನಿಗೆ ಕೊಟ್ಟಾಗ, ಬೇರೆ ಯಾವ ಕಾರಿನ ನೆರವೂ ಇಲ್ಲದೆ, ಮೊದಲ ಹೊಡೆತಕ್ಕೇ ಎಂಜಿನ್ ಗುಡುಗಿತು.

ನೆಗೆಟಿವ್ ಟರ್ಮಿನಲ್ಲನ್ನು ಮೊದಲು ಕಳಚಿ, ಕೂಡುವ ಜಾಗವನ್ನು ಹೊಳೆಯುವವರೆಗೆ ಉಜ್ಜಿ, ದಪ್ಪನೆಯ ಹೊಸ ಪಟ್ಟಿಯನ್ನು ಬಿಗಿದದ್ದಕ್ಕೆ ತಗುಲಿದ ವೆಚ್ಚ ಮಾವಿನಹಣ್ಣಿನ ಪೆಟ್ಟಿಗೆಗಿಂತ ಕಡಿಮೆ. ಕೈ ಒರೆಸಿಕೊಳ್ಳುತ್ತ ಕಾಕಾ, ಹಳೆಯ ಬ್ಯಾಟರಿ ಎಲ್ಲಿದೆ, ಅಳೆದು ನೋಡೋಣ ಎಂದರು. ಅದನ್ನು ಹೊಸದರ ಬೆಲೆಯಲ್ಲಿ ಮುರಿದುಕೊಳ್ಳಲು ಅಂಗಡಿಗೇ ಕೊಟ್ಟುಬಿಟ್ಟಿದ್ದೆ.