ಮುರಕಲ್ಲಿನ ಮೇಲೆ ಕಾರು ನಿಲ್ಲಿಸಬೇಡಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಕರೆದರೆ ಮನೆಗೆ ಹೋಗಿ ಗಾಡಿ ನೋಡಿಕೊಡುವುದೂ ಉಂಟು. ಹಾಗೆ ಹೋದಾಗ ಅಂಗಳದಲ್ಲಿ ಒಂದು ನೋಟ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಮನೆ ಕಟ್ಟಿ ಉಳಿದ ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು, ಕಲ್ಲಿನ ಮೇಲೆ ಕಾರು, ಕಾರಿನ ಕೆಳಗೆ ಮನುಷ್ಯ. ನೋಡಿದ ಕೂಡಲೇ ನನಗೆ ಎದೆ ಹೊಡೆದುಕೊಳ್ಳುತ್ತದೆ.

ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಮೇಸ್ತ್ರಿಯ ಜೊತೆ ಒಂದು ಅಡಿಕೆ ತೋಟದ ಮನೆಗೆ ಹೋಗಿದ್ದೆ. ಓಮ್ನಿಯ ಸೈಲೆನ್ಸರ್ ಕಳಚಿ ನೇತಾಡುತ್ತಿತ್ತು. ದೀಪಾವಳಿ ಹತ್ತಿರದ ಸಮಯ, ದಿನಾ ಸಂಜೆ ಮಳೆ, ಅಂಗಳವೂ ಕಲ್ಲೂ ಒದ್ದೆ. ನಾವು ಬರುವ ಮೊದಲೇ ಮನೆಯವರು ಹಿಂದಿನ ಎರಡೂ ಚಕ್ರ ಎತ್ತಿ, ಆಚೆ ಈಚೆ ಒಂದೊಂದು ಮುರಕಲ್ಲು ಕೊಟ್ಟು ನಿಲ್ಲಿಸಿದ್ದರು. ಮೇಸ್ತ್ರಿ ಬೇಡ ಎಂದರು. ಆ ಮನೆಯ ಯಜಮಾನ ಮಾವ ಕೇಳಲಿಲ್ಲ.

"ಇದೇ ಕಲ್ಲಿನಲ್ಲಿ ನನ್ನ ಎರಡು ಮಾಳಿಗೆಯ ಮನೆ ನಿಂತಿದೆ ಮಾರಾಯಾ, ಒಂದು ಓಮ್ನಿ ನಿಲ್ಲುವುದಿಲ್ಲವಾ?"

ಮೇಸ್ತ್ರಿ ಮಾತು ಬೆಳೆಸಲಿಲ್ಲ. ಬಿಚ್ಚಿದ ಒಂದು ಚಕ್ರವನ್ನೂ ಸ್ಟೆಪ್ನಿಯನ್ನೂ ಗಾಡಿಯ ಕೆಳಗೆ ಮಲಗಿಸಿದರು, ನನಗೆ ದೂರ ನಿಲ್ಲಲು ಹೇಳಿದರು, ಗಾಡಿಯ ಭಾರ ಹೊರುವ ಕಬ್ಬಿಣದ ಸ್ಟ್ಯಾಂಡ್ ತರಲು ಜೀಪಿನ ಕಡೆ ನಡೆದರು. ಅವರು ವಾಪಸು ಬರುವುದರೊಳಗೆ ಎಡಗಡೆಯ ಕಲ್ಲು ನಡುವೆ ಸೀಳಿ ಎರಡು ಹೋಳಾಯಿತು. ಮುಂಚೆ ಒಂದು ಸದ್ದೂ ಇಲ್ಲ. ಓಮ್ನಿ ಆ ಚಕ್ರದ ಮೇಲೆ ಕುಳಿತಿತು. ಕೆಳಗೆ ಯಾರೂ ಇರಲಿಲ್ಲ, ದೇವರು ದೊಡ್ಡವನು.

ಮಾವನ ಪ್ರಶ್ನೆಗೆ ಮೇಸ್ತ್ರಿ ಆಮೇಲೆ ಉತ್ತರ ಕೊಟ್ಟರು. ಗೋಡೆಯಲ್ಲಿ ಕಲ್ಲಿನ ಮೇಲೆ ಕಲ್ಲು, ನಡುವೆ ಗಾರೆ, ಭಾರ ಪೂರ್ತಿ ಮೈಗೆ ಸಮನಾಗಿ ಹಂಚಿಹೋಗುತ್ತದೆ, ಅದನ್ನು ಯಾರೂ ಅಲ್ಲಾಡಿಸುವುದೂ ಇಲ್ಲ. ಕಾರಿನ ಭಾರ ಮಾತ್ರ ಎರಡು ಬೆರಳು ಅಗಲದ ಕಬ್ಬಿಣದ ಅಂಚಿನ ಮೂಲಕ ಒಂದೇ ಜಾಗಕ್ಕೆ ಇಳಿಯುತ್ತದೆ, ಮೇಲಿಂದ ನಾವು ಪಾನೆ (ಸ್ಪ್ಯಾನರ್) ಹಾಕಿ ಜಗ್ಗುತ್ತೇವೆ. ಮುರಕಲ್ಲಿನ ಮೈ ತುಂಬಾ ತೂತು. ನೀರು ಕುಡಿದರೆ ಇನ್ನೂ ಮೆದು. ಸಿಮೆಂಟಿನ ಹಾಲೋ ಬ್ಲಾಕ್ ಕಥೆಯೂ ಅಷ್ಟೇ, ಅದೂ ಹೇಳದೆ ಕೇಳದೆ ಒಡೆಯುತ್ತದೆ.

ಹಾಗಂತ ಜಾಕ್ ಒಂದನ್ನೇ ನಂಬಿ ಕೆಳಗೆ ಹೋಗುವುದೂ ಬೇಡ. ಕಾರಿನ ಜೊತೆ ಬರುವ ಸ್ಕ್ರೂ ಜಾಕ್ ಇರುವುದು ಚಕ್ರ ಬದಲಿಸಲಿಕ್ಕೆ. ಅದರ ಪಾದ ಚಿಕ್ಕದು, ಪಕ್ಕಕ್ಕೆ ಸ್ವಲ್ಪ ತಳ್ಳಿದರೆ ಮಗುಚುತ್ತದೆ. ಹೈಡ್ರಾಲಿಕ್ ಜಾಕ್ ನಿಂತಿರುವುದು ಒಳಗಿನ ಎಣ್ಣೆಯ ಮೇಲೆ, ಸೀಲ್ ಸವೆದಿದ್ದರೆ ಮೆಲ್ಲ ಮೆಲ್ಲ ಇಳಿಯುತ್ತದೆ. ಎತ್ತಲಿಕ್ಕೆ ಜಾಕ್, ಹೊರಲಿಕ್ಕೆ ಕಬ್ಬಿಣದ ಸ್ಟ್ಯಾಂಡ್. ಎಷ್ಟು ಟನ್ ಎಂದು ಅದರ ಮೇಲೆ ಬರೆದಿರುತ್ತದೆ, ನೋಡಿ ತೆಗೆದುಕೊಳ್ಳಿ. ಮಣ್ಣಿನ ಅಂಗಳವಾದರೆ ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಹಾಕಿ, ಇಲ್ಲದಿದ್ದರೆ ಒಂದು ಕಾಲು ಹೂತು ಗಾಡಿ ವಾಲುತ್ತದೆ.

ಇನ್ನೊಂದು ವಿಷಯ ಸುಮಾರು ಜನರಿಗೆ ಗೊತ್ತಿಲ್ಲ. "ಹ್ಯಾಂಡ್‌ಬ್ರೇಕ್ ಹಾಕಿದ್ದೇನೆ, ಗೇರಿನಲ್ಲೂ ಇದೆ" ಎನ್ನುತ್ತಾರೆ. ನಮ್ಮ ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರವನ್ನು. ಓಮ್ನಿಯಲ್ಲಿ ಎಂಜಿನ್ ತಿರುಗಿಸುವುದೂ ಹಿಂದಿನದನ್ನೇ. ಅಂದರೆ ಹಿಂದಿನ ಎರಡೂ ಚಕ್ರ ನೆಲ ಬಿಟ್ಟ ಮೇಲೆ ಹ್ಯಾಂಡ್‌ಬ್ರೇಕೂ ಇಲ್ಲ, ಗೇರೂ ಇಲ್ಲ, ಮುಂದಿನ ಚಕ್ರಗಳು ಸಲೀಸಾಗಿ ಉರುಳುತ್ತವೆ. ಆಲ್ಟೋದಂಥ ಕಾರಿನಲ್ಲಿ ಗೇರ್ ಹಿಡಿಯುವುದು ಮುಂದಿನ ಚಕ್ರಗಳನ್ನು, ಆದರೆ ಒಂದನ್ನು ಎತ್ತಿದರೆ ಸಾಕು, ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇರುವುದರಿಂದ ಗಾಳಿಯಲ್ಲಿರುವ ಚಕ್ರ ತಿರುಗಿಬಿಡುತ್ತದೆ, ಗೇರಿನ ಹಿಡಿತ ಹೋಗುತ್ತದೆ. ಹಾಗಾಗಿ ನೆಲದಲ್ಲಿ ಉಳಿಯುವ ಚಕ್ರಕ್ಕೆ ಮುಂದೆಯೂ ಹಿಂದೆಯೂ ಮರದ ತುಂಡು ಅಡ್ಡ ಕೊಡಿ. ನಮ್ಮ ಕಡೆ ಸಮತಟ್ಟಾದ ಅಂಗಳ ಸಿಗುವುದೇ ಕಷ್ಟ, ಗುಡ್ಡ ಕಡಿದು ಮಾಡಿದ ಜಾಗ ಜಾಸ್ತಿ ಅಲ್ವಾ.

ಚಕ್ರದ ನಟ್‌ಗಳನ್ನು ಗಾಡಿ ಎತ್ತುವ ಮೊದಲೇ ಸಡಿಲ ಮಾಡಿ. ಕೊನೆಯ ಬಿಗಿ ಇಳಿಸಿದ ಮೇಲೆ. ಜಾಕ್ ಕೊಡುವ ಜಾಗ ಗಾಡಿಯ ಜೊತೆ ಬರುವ ಪುಸ್ತಕದಲ್ಲಿದೆ, ಆದರೆ ಕುಂಬಳೆ, ಉಪ್ಪಳದ ಕಡಲ ಬದಿಯ ಗಾಡಿಗಳಲ್ಲಿ ಉಪ್ಪು ಗಾಳಿಗೆ ಆ ಅಂಚೇ ತುಕ್ಕು ಹಿಡಿದಿರಬಹುದು, ಕೈಯಲ್ಲಿ ತಟ್ಟಿ ನೋಡಿ. ಓಮ್ನಿಯ ಹಿಂಭಾಗಕ್ಕೆ ಸ್ಟ್ಯಾಂಡ್ ಕೊಡುವುದಾದರೆ ಆಕ್ಸಲ್ ಕೆಳಗೆ ಕೊಡಬಹುದು, ಅದು ಗಟ್ಟಿ. ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೆ ನಿಂತುಕೊಂಡೇ ಗಾಡಿಯನ್ನು ಎರಡೂ ಕೈಯಿಂದ ಅಲ್ಲಾಡಿಸಿ. ಬೀಳುವುದಿದ್ದರೆ ಆಗಲೇ ಬೀಳಲಿ. ಬಿಚ್ಚಿದ ಚಕ್ರ ಕೆಳಗೇ ಇರಲಿ. ಮನೆಯಲ್ಲಿ ಒಬ್ಬರಿಗೆ ಹೇಳಿ ಹೋಗಿ, ಮಕ್ಕಳು ಹತ್ತಿರ ಬೇಡ.

ನನ್ನ ವರ್ಕ್‌ಶಾಪಿನಲ್ಲಿ ಒಂದು ಜೋಡಿ ಸ್ಟ್ಯಾಂಡನ್ನು ಕೇಳಿದವರಿಗೆ ಕೊಡಲೆಂದೇ ಇಟ್ಟಿದ್ದೇನೆ. ಬಾಡಿಗೆ ಇಲ್ಲ. ಹೋದ ವಾರ ನೀರ್ಚಾಲಿನಿಂದ ಒಬ್ಬ ಹುಡುಗ ಬಂದು, "ಅಣ್ಣಾ, ಎರಡು ದಿನಕ್ಕೆ ಬೇಕಿತ್ತು" ಎಂದ. ಅಂಗಳ ಮಣ್ಣಿನದಾ ಸಿಮೆಂಟಾ ಎಂದು ಕೇಳಿದೆ. ಮಣ್ಣು ಎಂದ. ಸ್ಟ್ಯಾಂಡ್ ಜೊತೆ ಎರಡು ಹಲಗೆ, ನಾಲ್ಕು ಮರದ ತುಂಡು ಕೂಡ ಅವನ ಸ್ಕೂಟರಿಗೆ ಕಟ್ಟಿ ಕಳಿಸಿದೆ.